ಅರೆ

ಗುಡ್ಡದ ಬಾಯಿಗೆ ಕಬ್ಬಿಣದ ಕದ ಬೆಸೆದು ಹೋದರು.
ಅದರ ಮೇಲಿನ ‘ಅಪಾಯ’ದ ಮೊದಲಕ್ಷರ
ತುಕ್ಕು ತಿಂದು, ಈಗ ಉಳಿದಿರುವುದು
‘ಪಾಯ’.
ಇರಲಿ, ಅದೂ ಸುಳ್ಳಲ್ಲ.
ಚಿಕ್ಕಮಗಳೂರಿನ ಪೇಟೆ, ಸಖರಾಯಪಟ್ಟಣದ ದಾರಿ,
ನಮ್ಮೂರಿನ ಮೂವತ್ತೆರಡು ಒಲೆ
ಕೂತಿರುವುದು ಇಂಥ ಕಲ್ಲಿನ ಮೇಲೇ.

ನಾನು ಯಂತ್ರ ಹೊರುತ್ತಿದ್ದವನು.
ದಿನಕ್ಕೆ ಹನ್ನೊಂದು ರೂಪಾಯಿ, ಮಧ್ಯಾಹ್ನ ಒಂದು ಟೀ.
ಹೆಗಲಿಗೆ ಚರ್ಮದ ಪಟ್ಟಿ, ಕಿವಿಗೆ ತಂತಿ.
ಟಿಕ್ ಅಂದಲ್ಲಿ ಸುಣ್ಣದ ಗೆರೆ,
ಟಿಕ್ಕಟಿಕ್ಕಟಿಕ್ ಅಂದಲ್ಲಿ ಕೆಂಪು ಬಣ್ಣ.
ಹಿಂದೆ ಮಹಾಪಾತ್ರ ಸಾಹೇಬರು,
ಸುತ್ತಿಗೆಯಿಂದ ಒಡೆದು, ಒಡೆದ ಮುಖವನ್ನು
ನಾಚಿಕೆಯಿಲ್ಲದೆ ನಾಲಿಗೆಯಿಂದ ನೆಕ್ಕಿ, ಬಿಸಿಲಿಗೆ ಹಿಡಿದು,
“ಒದ್ದೆಯಾದರೆ ಮಾತ್ರ ಕಲ್ಲು ಬಾಯಿ ಬಿಡೋದು, ಈರಭದ್ರ.”

ಸುರಂಗದ ಎಡಗೋಡೆ, ಎಪ್ಪತ್ತನೇ ಮೀಟರು.
ಅಲ್ಲೊಂದು ಹೊಳೆ ಇತ್ತು.
ನೀರಿಲ್ಲ. ಬೆಣಚುಕಲ್ಲಿನ ಉಂಡೆಗಳು,
ಕೋಳಿಮೊಟ್ಟೆಯಷ್ಟು, ಗೋಲಿಯಷ್ಟು,
ಉರುಳಿ ಉರುಳಿ ನುಣುಪಾದವು,
ಎಲ್ಲವೂ ಒಂದೇ ಕಡೆಗೆ ಒರಗಿಕೊಂಡು
ನೀರು ಯಾವ ದಿಕ್ಕಿನಿಂದ ಬಂದಿತ್ತೆಂದು
ಇನ್ನೂ ಹೇಳುತ್ತಿದ್ದವು.
ಸಂದಿಯಲ್ಲಿ ಹಸಿರು ಅಭ್ರಕ,
ಬಂಗಾರವೆಂದು ನಾನು ಜೇಬಿಗಿಳಿಸಿದ ಪೈರೈಟಿನ ಉರುಟು ಕಾಳು,
ಅವುಗಳ ನಡುವೆ
ಸಾಸಿವೆಗಿಂತ ಸಣ್ಣ, ಸಾಸಿವೆಗಿಂತ ಕಪ್ಪು
ಯುರೇನಿಯಂ, ಥೋರಿಯಂ.

“ಇವೂ ಉರುಟಾಗಿವೆ ನೋಡು.
ಈ ಹೊಳೆಗೆ ಇವತ್ತಿನ ಗಾಳಿ ಗೊತ್ತಿರಲಿಲ್ಲ.
ಗೊತ್ತಿದ್ದರೆ ಯುರೇನಿಯಂ ಉಪ್ಪಿನ ಹಾಗೆ ಕರಗಿ
ಎಂದೋ ಕಡಲು ಸೇರಿರುತ್ತಿತ್ತು.”
ಮುನ್ನೂರು ಕೋಟಿ ವರ್ಷ. ಹುಲ್ಲಿಲ್ಲ, ಮೀನಿಲ್ಲ,
ಉಸಿರಿಲ್ಲದ ಆಕಾಶದ ಕೆಳಗೆ
ಒಂದು ಹೊಳೆ ಗಲಗಲ ಅಂದದ್ದು ಯಾರ ಕಿವಿಗೆ?
ಕೇಳಬೇಕೆಂದುಕೊಂಡೆ. ಸಾಹೇಬರು ಮುಂದೆ ಹೋಗಿಬಿಟ್ಟಿದ್ದರು.

ಗಾಳಿ ತಂದವರು ನಾವು.
ಸಿಡಿಮದ್ದು, ಬೀಡಿ, ಬೆವರು.
ಎರಡನೇ ಮಳೆಗಾಲಕ್ಕೆ ಗೋಡೆಯೆಲ್ಲ ಅರಿಶಿನ,
ಮುಟ್ಟಿದರೆ ಬೆರಳಿಗಂಟುವ ಹಳದಿ ಹಿಟ್ಟು.
ಪೈರೈಟು ಹುಳಿಯಾಗಿ ಚರಂಡಿ ಕೆಂಪಗೆ ಹರಿಯಿತು.
ಅಷ್ಟು ಕಾಲ ಕೆಡದೆ ಕೂತದ್ದು
ಎರಡು ಮಳೆಗೆ ಕೆಟ್ಟಿತು.

ಕೊರೆದು ತೆಗೆದ ಕಲ್ಲಿನ ಕಡ್ಡಿಗಳನ್ನು ತೊಳೆಯುತ್ತಿದ್ದವಳು ತಿಮ್ಮಾಜಮ್ಮ.
ಒಂದು ದಿನ ಅವಳ ಹಿತ್ತಲಲ್ಲಿ, ತಮಾಷೆಗೆಂದು,
ಅರೆಯುವ ಕಲ್ಲಿಗೆ ಯಂತ್ರದ ಮೂತಿ ಇಟ್ಟೆ.
ಸುರಂಗದ ಬಾಯಿಗಿಂತ ಜೋರು!
“ಏನಂತೆ ಅದಕ್ಕೆ?”
“ಒಳಗೊಳಗೇ ಸವೀತಾ ಇದೆ,” ಅಂದರು ಸಾಹೇಬರು,
“ಥೋರಿಯಂ ಅರ್ಧ ಸವೆಯೋಕೆ
ಸಾವಿರದ ನಾನೂರು ಕೋಟಿ ವರ್ಷ ಬೇಕು.
ಈ ಲೋಕಕ್ಕೇ ಇನ್ನೂ ಅಷ್ಟು ವಯಸ್ಸಾಗಿಲ್ಲ.”
“ಹೋಗಿ ಸ್ವಾಮಿ, ನಮ್ಮತ್ತೆ ಕಾಲಕ್ಕೇ ಅರ್ಧ ಸವೆದಿತ್ತು,”
ಅಂದವಳೇ ಕಾಯಿತುರಿ ಸುರಿದು ರುಬ್ಬತೊಡಗಿದಳು.
ಅರೆ ಅಂದರೆ ಬಂಡೆ. ಅರೆ ಅಂದರೆ ಅರ್ಧ.
ಅರೆ ಅಂದರೆ ತಿಮ್ಮಾಜಮ್ಮನ ಎರಡು ಕೈ.

ಟನ್ನಿಗೆ ಇಷ್ಟೇ ಗ್ರಾಂ, ಗಿಟ್ಟುವುದಿಲ್ಲ, ಎಂದು ಕಾಗದ ಬಂತು.
ಡೇರೆ ಕಿತ್ತರು. ಅಲ್ಯೂಮಿನಿಯಂ ತಟ್ಟೆಗಳು ಗುಜರಿಗೆ,
ನಂಬರು ಬರೆದ ಕಲ್ಲಿನ ಕಡ್ಡಿಗಳು
ಬಾಗಿಲಿಗೆ ಅಡ್ಡ, ಕೋಳಿಗೂಡಿಗೆ ಅಡ್ಡ.
ನಮೂನೆ ತುಂಬುವ ಬಟ್ಟೆಚೀಲವೊಂದು
ನನ್ನ ಮಗಳ ಶಾಲೆಯ ಚೀಲವಾಯಿತು:
ಕೆ-೪೧೭, ಆಳ ೬೨.
ಎರಡು ವರ್ಷ ಅವಳನ್ನು ಎಲ್ಲರೂ ಅರವತ್ತೆರಡು ಎಂದೇ ಕರೆದರು.

ಈಗ ನನಗೆ ಎಡಗಿವಿಯಲ್ಲಿ ರಾತ್ರಿಯೆಲ್ಲ ಟಿಕ್ ಟಿಕ್.
ವಯಸ್ಸು, ಅಂದರು ಡಾಕ್ಟರು.
ಯಾರದ್ದು ಅಂತ ಕೇಳಲಿಲ್ಲ.

ತಿಮ್ಮಾಜಮ್ಮನ ಮನೆಗೆ ಮಿಕ್ಸಿ ಬಂದಿದೆ.
ಕಲ್ಲು ನಲ್ಲಿಯ ಕೆಳಗೆ ಬೋರಲು ಬಿದ್ದಿದೆ, ಬಟ್ಟೆ ಒಗೆಯಲು.
ಮೊನ್ನೆ ಅಲ್ಲಿ ಬೊಗಸೆ ನೀರು ಹಾಕಿ ನೋಡಿದೆ.
ಕಪ್ಪು ಚುಕ್ಕೆಗಳು ಒಂದೊಂದಾಗಿ ಕಣ್ಣು ಬಿಟ್ಟವು.
ಬಿಸಿಲಿತ್ತು.
ಏನೋ ಹೇಳುವಷ್ಟರಲ್ಲಿ
ಒಣಗಿತು.